ಬಂಡೆ ದಾಟಿದ ಸೂರ್ಯ

ನಮ್ಮ ಮಾವ ದಿನಾ ಬೆಳಗ್ಗೆ ಸೂರ್ಯ ಎಲ್ಲಿ ಹುಟ್ಟಿದ ಎಂದು ಬರೆದಿಡುತ್ತಿದ್ದರು. ಮದುವೆಯಾಗಿ ಬಾಳೂರಿನ ಆ ಮನೆಗೆ ಹೋದ ಮೂರನೆಯ ದಿನ ನಾನದನ್ನು ಮೊದಲು ನೋಡಿದ್ದು. ಮನೆಯ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಅದರ ಆಚೆಯಂಚಿಗೆ ಒಂದು ಕಲ್ಲುಬೆಂಚು. ಅಲ್ಲಿಂದ ಮುಂದೆ ತೋಟ ಹಳ್ಳದವರೆಗೆ ಇಳಿಯುತ್ತದೆ. ಹಳ್ಳದಾಚೆ ಉದ್ದಕ್ಕೆ ಗುಡ್ಡದ ಸಾಲು. ಮಾವ ತಲೆಗೆ ಮಫ್ಲರ್ ಸುತ್ತಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಆ ಬೆಂಚಿನ ಮೇಲೆ ಕೂತಿದ್ದರು. ಸೂರ್ಯನ ಅಂಚು ಕಂಡದ್ದೇ ಬಲಗೈಯನ್ನು ಉದ್ದಕ್ಕೆ ಚಾಚಿ, ಬೆರಳು ಜೋಡಿಸಿ, ಒಂದು ಕಣ್ಣು ಮುಚ್ಚಿ ಏನನ್ನೋ ಅಳೆದರು. ಆಮೇಲೆ ಪಕ್ಕದಲ್ಲಿದ್ದ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಮುಚ್ಚಿ, ತಿಂಡಿಗೆ ಬಂದರು.

ಆ ಗುಡ್ಡದ ಸಾಲಿನಲ್ಲಿ ಅವರು ಮೂರು ಗುರುತು ಇಟ್ಟುಕೊಂಡಿದ್ದರು. ಎಡತುದಿಗೆ, ಗುಡ್ಡ ಕತ್ತರಿಸಿ ಹೋದ ಹಾಗಿರುವ ಒಂದು ಕಂಡಿ. ನಡುವೆ ಒಂಟಿ ಮರ. ಬಲತುದಿಗೆ ಕರಿಬಂಡೆ. ಸೂರ್ಯ ಡಿಸೆಂಬರಿನಲ್ಲಿ ಬಂಡೆಯ ಹತ್ತಿರ ಹುಟ್ಟುತ್ತಾನೆ. ಅಲ್ಲಿಂದ ಎಡಕ್ಕೆ ಸರಿಯುತ್ತ ಮಾರ್ಚ್ ಹೊತ್ತಿಗೆ ಮರಕ್ಕೆ ಬರುತ್ತಾನೆ, ಜೂನ್ ಹೊತ್ತಿಗೆ ಕಂಡಿಗೆ. ಮತ್ತೆ ಹಿಂದಕ್ಕೆ. ಮಾವ ಬರೆಯುತ್ತಿದ್ದುದು, ಚಂದ್ರ ಕಂಡರೆ ಆಮೇಲೆ ಸೇರಿಸುತ್ತಿದ್ದುದು ಇಷ್ಟೇ: “ಹೊತ್ತು, ಮರದ ಬಲಕ್ಕೆ ಎರಡು ಬೆರಳು. ಚಂದ್ರ, ಒಂಬತ್ತು ಗಂಟೆಗೂ ಪಶ್ಚಿಮಕ್ಕೆ ಇದ್ದ. ಮಂಜು.” ಜೂನ್ ಜುಲೈನಲ್ಲಿ ಪುಟಗಟ್ಟಲೆ ಒಂದೇ ಮಾತು, “ಕಾಣಲಿಲ್ಲ.” ಕಾಣದ ದಿನವೂ ಅವರು ಛತ್ರಿ ಹಿಡಿದು ಬೆಂಚಿಗೆ ಹೋಗಿ, ಕಾಣಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದರು.

ಈ ನೋಟ್‌ಬುಕ್ಕುಗಳು ಅವರ ಕೋಣೆಯ ಬೀರುವಿನಲ್ಲಿ ವರ್ಷದ ಪ್ರಕಾರ ಜೋಡಿಸಿದ್ದವು. ಯುವಕರಾಗಿದ್ದಾಗಿನಿಂದ ಬರೆದದ್ದು. ಯಾಕೆ ಬರೆಯುತ್ತಾರೆ ಎಂದು ನಾನು ಅತ್ತೆಯನ್ನು ಕೇಳಿದ್ದೆ. ಅತ್ತೆ ಅಕ್ಕಿ ಆರಿಸುತ್ತ, “ಕೇಳಬೇಡ. ನಾನೂ ಕೇಳಿ ಬೈಸ್ಕೊಂಡಿದೀನಿ,” ಎಂದಿದ್ದರು.

ಮಾವ ಕೈ ಎತ್ತಿದವರಲ್ಲ, ಕುಡಿದವರಲ್ಲ. ಅವರ ಗಟ್ಟಿತನ ಬೇರೆ ತರಹದ್ದು. ನಾನು ಬಂದ ಹೊಸತರಲ್ಲಿ ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅವರು ಒಂದು ತುತ್ತಿಗೇ ನಿಲ್ಲಿಸಿದರು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ನಾಯಿಗೆ ಸುರಿದು, ತಟ್ಟೆಯನ್ನು ತಾವೇ ತೊಳೆದು ಮಗುಚಿಟ್ಟು ತೋಟಕ್ಕೆ ಹೋದರು. ಆವತ್ತಿನಿಂದ ಒಂದು ವಾರ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ, ಅತ್ತೆಯೇ ಬಡಿಸಬೇಕು. ಅತ್ತೆ ತೀರಿಕೊಂಡ ಮೇಲೆ ಅವರಿಗೆ ನನ್ನ ಕೈಯಿಂದ ಉಣ್ಣದೆ ಗತಿಯಿರಲಿಲ್ಲ. ಆದರೂ ಪ್ರತಿ ಸಲ ಮೊದಲ ತುತ್ತಿಗೆ ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಿದ್ದರು.

ನನ್ನ ತವರು ಅತ್ತಿಗುಂಡಿ, ಜೀಪಿನಲ್ಲಿ ಎರಡು ಮೂರು ಗಂಟೆ ದೂರದ ಗುಡ್ಡದೂರು. ಮಾವನ ಬಾಯಲ್ಲಿ “ಆ ಗುಡ್ಡದ ಮೇಲಿನವರು.” ಅಪ್ಪ ಹೋದ ಮೇಲೆ ಅಮ್ಮ ಅಣ್ಣನ ಜೊತೆ ಇದ್ದಳು. ಒಂದು ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲು ಜೋರಾಗಿದ್ದಾಗ, ಅಣ್ಣ ಬೆಳಗ್ಗೆ ಫೋನ್ ಮಾಡಿದ. ಅಮ್ಮನಿಗೆ ಉಸಿರಾಟ ಕಷ್ಟವಾಗಿದೆ, ಡಾಕ್ಟರು ಮನೆಗೆ ಕರಕೊಂಡು ಹೋಗಿ ಎಂದಿದ್ದಾರೆ, ನಿನ್ನನ್ನು ಕೇಳುತ್ತಿದ್ದಾಳೆ ಎಂದ. ಮಾವ ಆಗತಾನೆ ಕಣದಿಂದ ಬಂದು ಕೂತಿದ್ದರು. ನನ್ನ ಗಂಡ ಪಕ್ಕದಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದರು.

“ಮಾವ, ನಾನು ಇವತ್ತು ಹೋಗಿ ಬರ್ತೀನಿ,” ಎಂದೆ.

“ಶನಿವಾರ ಹೋಗು. ಕೊಯ್ಲಿನ ಜನಕ್ಕೆ ಕಾಫಿ ತಿಂಡಿ ಯಾರು ಮಾಡೋದು?”

“ಶನಿವಾರಕ್ಕೆ ಇನ್ನೂ ನಾಕು ದಿನ ಇದೆ.”

“ಹೌದು. ಇದೆ.”

ನಾನು ಗಂಡನ ಮುಖ ನೋಡಿದೆ. ಅವರು ಇನ್ನೊಂದು ಬೂಟಿಗೂ ಲೇಸು ಕಟ್ಟಿ ಎದ್ದರು.

ಅಮ್ಮ ಗುರುವಾರ ಬೆಳಗ್ಗೆ ಹೋದಳು. ನಾನು ಜೀಪು ಮಾಡಿಕೊಂಡು ತಲುಪಿದಾಗ ಮಧ್ಯಾಹ್ನವಾಗಿತ್ತು. ಅಮ್ಮನನ್ನು ಗೋಡೆಗೊರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಬಾಯಿ ತೆರೆಯದ ಹಾಗೆ ಬಟ್ಟೆ ಕಟ್ಟಿದ್ದರು. ಅಣ್ಣನ ಹೆಂಡತಿ ನನ್ನ ಪಕ್ಕದಲ್ಲಿ ಬಂದು ಕೂತು, “ನಿನ್ನೆ ಸಂಜೆಯವರೆಗೂ ಬಾಗಿಲ ಕಡೆ ನೋಡ್ತಿದ್ರು. ಆಮೇಲೆ ನೋಡೋದು ಬಿಟ್ರು,” ಎಂದಳು. ಅವಳು ನನ್ನನ್ನು ಚುಚ್ಚಲಿಕ್ಕೇ ಹೇಳಿದಳೋ, ಸುಮ್ಮನೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ.

ವಾಪಸು ಬಂದ ಮೇಲೆ ಮಾವನ ಕೋಣೆ ಗುಡಿಸುವಾಗ ಆ ವರ್ಷದ ನೋಟ್‌ಬುಕ್ ತೆರೆದು ಆ ಗುರುವಾರದ ಸಾಲು ನೋಡಿದೆ. “ಹೊತ್ತು, ಬಂಡೆಯ ಎಡಕ್ಕೆ ಕಾಲು ಬೆರಳು. ಮೋಡವಿಲ್ಲ. ಬಹಳ ಚೊಕ್ಕ.” ಅಷ್ಟೇ. ಆ ‘ಬಹಳ ಚೊಕ್ಕ’ ಎನ್ನುವ ಮಾತನ್ನು ನಾನು ಮರೆಯಲಿಲ್ಲ.

ಅದಾಗಿ ಎರಡು ವರ್ಷದೊಳಗೆ ಮಾವನ ಕಣ್ಣು ಹೋಯಿತು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ, ನೋವಿಲ್ಲದ್ದರಿಂದ ಅವರು ತೋರಿಸಿರಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು, ಆಮೇಲೆ ಅದೂ ಇಲ್ಲ. ಅವರು ಅತ್ತದ್ದು, ಗೋಳಾಡಿದ್ದು ನಾನು ನೋಡಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಗ್ಗೆ ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತು, “ಇಲ್ಲಿ ಬಾ. ನಿನ್ನ ಕೈ ಕೊಡು,” ಎಂದರು.

ನನ್ನ ಕೈ ಹಿಡಿದು, ಒಂದೊಂದೇ ಬೆರಳನ್ನು ತಮ್ಮ ಬೆರಳಿಗೆ ಒತ್ತಿ ನೋಡಿದರು. ಆಮೇಲೆ ನನ್ನ ಹೆಗಲಿನಿಂದ ಮಣಿಕಟ್ಟಿನವರೆಗೆ ಗೇಣು ಹಾಕಿ ಅಳೆದರು.

“ನಿನ್ನ ಬೆರಳು ಸಣ್ಣ. ಕೈಯೂ ಗಿಡ್ಡ. ಒಂದಕ್ಕೊಂದು ಸರಿಹೋಗಿ ನಿನ್ನ ಲೆಕ್ಕ ನನ್ನ ಲೆಕ್ಕಕ್ಕೆ ಹತ್ತಿರ ಹತ್ತಿರ ಬರುತ್ತೆ. ನಾಳೆಯಿಂದ ನೀನು ನೋಡಿ ಹೇಳು. ನೀನೇ ಬರಿ.”

ಯಾರೂ ನನ್ನನ್ನು ಬೇಕಾ ಬೇಡವಾ ಎಂದು ಕೇಳಲಿಲ್ಲ. ಗಂಡ, “ಅಪ್ಪನಿಗೆ ಅದೊಂದೇ ಇರೋದು, ಮಾಡು,” ಎಂದರು. ಸರಿ, ದಿನಾ ಬೆಳಗ್ಗೆ ಅವರ ಕೈ ಹಿಡಿದು ಕಣ ದಾಟಿಸಿ ಬೆಂಚಿಗೆ ಕೂರಿಸಿ, ಪಕ್ಕದಲ್ಲಿ ನಿಂತು ನೋಡಿ ಹೇಳುವುದು ನನ್ನ ಕೆಲಸವಾಯಿತು.

ಮೊದಮೊದಲು ಪ್ರಾಮಾಣಿಕವಾಗಿಯೇ ಹೇಳಿದೆ. ಅದರಲ್ಲಿ ನನಗೆ ರುಚಿ ಹತ್ತಿತು ಎಂದರೆ ಸುಳ್ಳಲ್ಲ. ಇಷ್ಟು ವರ್ಷ ಅದೇ ಗುಡ್ಡದ ಎದುರು ಬಟ್ಟೆ ಒಣಗಿಸಿದ್ದೆ, ಕಾಫಿ ಹರವಿದ್ದೆ. ಸೂರ್ಯ ಹೀಗೆ ನಡೆಯುತ್ತಾನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮರದ ಹತ್ತಿರ ಬಂದಾಗ ಅವನು ದಾಪುಗಾಲು ಹಾಕುತ್ತಾನೆ, ಐದು ದಿನಕ್ಕೆ ಒಂದು ಬೆರಳು. ತುದಿ ಹತ್ತಿರವಾದ ಹಾಗೆ ನಿಧಾನ. ಬಂಡೆಯ ಪಕ್ಕ ಬಂದ ಮೇಲಂತೂ ದಿನಗಟ್ಟಲೆ ನಿಂತೇಬಿಡುತ್ತಾನೆ. ಕೃಷ್ಣಪಕ್ಷದ ಬೆಳಗುಗಳಲ್ಲಿ ಕಾಫಿ ಹರವುತ್ತ ತಲೆ ಎತ್ತಿದರೆ ಸಿಲ್ವರ್ ಓಕ್ ಮರಗಳ ಮೇಲೆ ಚಂದ್ರ, ತೊಳೆದ ಬಟ್ಟೆಯ ಹಾಗೆ ಬಿಳಿಚಿಕೊಂಡು ಇನ್ನೂ ಇರುತ್ತಾನೆ. ಕಣದಲ್ಲಿ ಕೆಲಸ ಮಾಡುವ ಹೆಂಗಸರಿಗೆ ಒಮ್ಮೆ ತೋರಿಸಿದೆ. “ಅಯ್ಯೋ, ಹಗಲಲ್ಲೂ ಇರ್ತಾನಾ ಅಕ್ಕ?” ಎಂದು ಅವರೂ ಕುಕ್ಕೆ ಇಳಿಸಿ ನೋಡಿದರು.

ಒಂದು ಸಂಜೆ ಹುಣ್ಣಿಮೆ. ಡಿಸೆಂಬರ್ ತಿಂಗಳು. ಕಾಫಿ ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದೆ, ಆ ಕಡೆ ಸೂರ್ಯ ಮುಳುಗುತ್ತಿದ್ದ. ಎದುರಿನ ಗುಡ್ಡದ ಎಡತುದಿಯಲ್ಲಿ, ಕಂಡಿಗೂ ಸ್ವಲ್ಪ ಆಚೆಗೆ, ಚಂದ್ರ ಎದ್ದ. ನಾನು ಟಾರ್ಪಾಲು ಹಿಡಿದುಕೊಂಡೇ ನಿಂತೆ. ಅದು ಜೂನಿನಲ್ಲಿ ಸೂರ್ಯ ಹುಟ್ಟುವ ಮೂಲೆ. ಮಳೆಯ ಮೋಡದಿಂದಾಗಿ ನಮ್ಮ ಕಡೆ ಅಲ್ಲಿ ಸೂರ್ಯ ಕಾಣುವುದೇ ಅಪರೂಪ. ಮಾವ ಕಣದ ಈಚೆಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿಗೆ ಹೇಳಿದೆ.

ಅವರು ನಕ್ಕರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು. “ಮಳೆಗಾಲದಲ್ಲಿ ನಮಗೆ ಕಾಣದ ಜಾಗನ ಚಂದ್ರ ಚಳಿಗಾಲದಲ್ಲಿ ತೋರಿಸ್ತಾನೆ. ಕಂಡಿಯಿಂದ ಎಷ್ಟು ಆಚೆ?”

“ಎರಡು ಬೆರಳು.”

“ಚಂದ್ರ ಹಾಗೆ. ಕೆಲವು ವರ್ಷ ಗಡಿ ದಾಟ್ತಾನೆ, ಕೆಲವು ವರ್ಷ ಒಳಗೇ ಇರ್ತಾನೆ. ಸೂರ್ಯ ದಾಟಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ ಬಂಡೆ ದಾಟಿಲ್ಲ.”

ಅಷ್ಟು ಹೊತ್ತು ನಾವಿಬ್ಬರೂ ಒಂದೇ ವಸ್ತುವನ್ನು ಇಷ್ಟಪಟ್ಟವರ ಹಾಗೆ ಇದ್ದೆವು. ಅದರ ಮುಂದಿನ ವಾರವೇ ಅಮ್ಮನ ವರ್ಷದ ದಿನ. ಅತ್ತಿಗುಂಡಿಗೆ ಹೋಗಿ ಸಮಾಧಿಗೆ ಹೂವಿಟ್ಟು ಪೂಜೆ ಮಾಡಿಸಿ, ಒಂದು ದಿನ ಇದ್ದು ಬರಬೇಕು ಎಂದಿದ್ದೆ. ಚಂದ್ರನ ಮಾತಿನ ಧೈರ್ಯದಲ್ಲಿ ಬೆಂಚಿನ ಹತ್ತಿರವೇ ಕೇಳಿದೆ.

“ಈ ವಾರವಾ?” ಎಂದರು ಮಾವ. “ಈ ವಾರ ಆಗಲ್ಲ. ಸೂರ್ಯ ಬಂಡೆಗೆ ಬಂದಿದಾನೆ. ತಿರುಗೋ ದಿನ ತಪ್ಪಬಾರದು. ಮುಂದಿನ ವಾರ ಹೋಗು.”

“ಅಮ್ಮ ಹೋದ ದಿನ ಮಾವ.”

“ಸತ್ತವರು ಎಲ್ಲಿಗೂ ಹೋಗಲ್ಲ. ಇದ್ದಾಗ ಶನಿವಾರದವರೆಗೆ ಕಾಯಕ್ಕಾಗಲಿಲ್ಲ, ಈಗ ಕಾಯ್ತಾರೆ.”

ಅವರು ಇದನ್ನು ಸಿಟ್ಟಿನಲ್ಲಿ ಹೇಳಿದ್ದಲ್ಲ. ತಮಾಷೆಯ ಧಾಟಿಯಲ್ಲಿ ಹೇಳಿದರು. ಒಂದು ವಾರದ ಹಿಂದೆ ನಕ್ಕಿದ್ದರಲ್ಲ, ಆ ಸಲಿಗೆಯಲ್ಲೇ ಹೇಳಿದರೇನೋ. ಅಷ್ಟರಲ್ಲಿ ಗುಡ್ಡದ ಮೇಲೆ ಸೂರ್ಯ ಕಂಡ. ಬಂಡೆಯ ಎಡ ಮೈಗೆ ತಾಗಿಕೊಂಡು, ಎಲ್ಲಿರಬೇಕೋ ಅಲ್ಲೇ.

“ಬಂತಾ?” ಎಂದರು.

“ಬಂತು.”

“ಎಲ್ಲಿ?”

“ಬಂಡೆಯ ಮೇಲೆ ಮಾವ. ನಡು ನೆತ್ತಿಗೆ.”

“ನೆತ್ತಿಗಾ? ಎಡಕ್ಕಿರಬೇಕಲ್ಲ.”

“ನೆತ್ತಿಗೇ ಇದೆ,” ಎಂದೆ.

ಅದು ಶುರು. ಏನು ಮಾಡಬೇಕೆಂದು ನಾನು ಮುಂಚೆ ಯೋಚಿಸಿರಲಿಲ್ಲ. ಆದರೆ ಆ ಕ್ಷಣ ಅವರ ಹುಬ್ಬು ಗಂಟಿಕ್ಕಿದ್ದು ನೋಡಿ, ಇನ್ನು ಏನು ಮಾಡುತ್ತೇನೆ ಎನ್ನುವುದು ನನಗೆ ಪೂರ್ತಿ ಗೊತ್ತಾಯಿತು.

ಮೂರು ದಿನ ಬಿಟ್ಟು ಸೂರ್ಯನನ್ನು ಬಂಡೆಯ ಬಲ ಅಂಚಿಗೆ ತಂದೆ. ಆಮೇಲೆ ಬಂಡೆಯ ಬಲಕ್ಕೆ ಕಾಲು ಬೆರಳು. ಅವಸರ ಮಾಡಲಿಲ್ಲ. ಅವರ ಹಳೆಯ ನೋಟ್‌ಬುಕ್ ನೋಡಿ, ಸೂರ್ಯ ಅಲ್ಲಿ ಎಷ್ಟು ನಿಧಾನ ಸರಿಯುತ್ತಾನೋ ಅಷ್ಟೇ ನಿಧಾನ ಸರಿಸಿದೆ, ದಿಕ್ಕು ಮಾತ್ರ ತಿರುಗಿಸಿದೆ. ಪ್ರತಿ ದಿನ ಅವರೆದುರೇ ಅವರ ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆದೆ. ಪೆನ್ನಿನ ಸದ್ದು ಅವರಿಗೆ ಕೇಳಬೇಕಿತ್ತು.

ಅಡುಗೆಮನೆಗೆ ಹೋಗಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ನಿಜವಾದದ್ದನ್ನು ಬರೆದಿಟ್ಟೆ. ಅದು ಯಾಕೆ ಎಂದು ಸರಿಯಾಗಿ ಹೇಳಲಾರೆ. ಬೆಂಚಿನ ಹತ್ತಿರ ನಿಂತು ಸುಳ್ಳು ಹೇಳುವಾಗಲೂ ನನ್ನ ಕಣ್ಣು ನಿಜವಾದ ಜಾಗವನ್ನೇ ನೋಡುತ್ತಿತ್ತು. ಮಾವನ ಮುಖ ಬೆಳ್ಳಗಾಗುವುದನ್ನು ನೋಡಲು ಖುಷಿ. ಸೂರ್ಯ ಬಂಡೆ ಬಿಟ್ಟು ಎಡಕ್ಕೆ ಕೂದಲೆಳೆಯಷ್ಟು ಸರಿದದ್ದನ್ನು ಮೊದಲು ಕಂಡುಹಿಡಿದ ಬೆಳಗ್ಗೆಯೂ ಖುಷಿ. ಎರಡೂ ಒಟ್ಟೊಟ್ಟಿಗೇ ಇದ್ದವು, ಒಂದಕ್ಕೊಂದು ಅಡ್ಡ ಬರಲಿಲ್ಲ.

ಮಾವ ಪರೀಕ್ಷೆ ಮಾಡದೆ ಬಿಡಲಿಲ್ಲ. ಒಂದು ದಿನ ಉದ್ದದ ದೊಣ್ಣೆ ತರಿಸಿ, “ಇದನ್ನ ನೆಲದ ಮೇಲೆ ಸೂರ್ಯನ ಕಡೆ ಮುಖ ಮಾಡಿ ಇಡು,” ಎಂದರು. ನಾನು ಬಲಕ್ಕೆ ವಾರೆ ಮಾಡಿ ಇಟ್ಟೆ. ಅವರು ನೆಲಕ್ಕೆ ಮಂಡಿಯೂರಿ ಒಂದು ಕೈ ಕಣದ ಅಂಚಿಗೆ, ಇನ್ನೊಂದು ಕೈ ದೊಣ್ಣೆಗೆ ಇಟ್ಟು ಎರಡರ ನಡುವಿನ ಸಂದನ್ನು ಸವರಿ ಸವರಿ ನೋಡಿದರು. ಎಪ್ಪತ್ತೈದು ದಾಟಿದ ಮನುಷ್ಯ, ಸಿಮೆಂಟಿನ ಮೇಲೆ ಮಂಡಿಯೂರಿ. ನಾನು ಎಬ್ಬಿಸಲು ಕೈ ಕೊಡಲಿಲ್ಲ. ಅವರೇ ಬೆಂಚು ಹಿಡಿದುಕೊಂಡು ಎದ್ದರು.

ಮೇಸ್ತ್ರಿಯನ್ನು ಕೇಳಿದರು. ತೋಟದ ಕೆಲಸದವರನ್ನು ನೋಡಿಕೊಳ್ಳುವ ಆ ಮೇಸ್ತ್ರಿ ಇಪ್ಪತ್ತು ವರ್ಷದಿಂದ ಇದ್ದವನು. “ಸೂರ್ಯ ಎಲ್ಲಿ ಹುಟ್ಟಿದ ಇವತ್ತು?”

“ಗುಡ್ಡದ ಮೇಲೆ ಗೌಡ್ರೇ.”

“ಗುಡ್ಡದ ಮೇಲೆ ಎಲ್ಲಿ?”

“ಅಲ್ಲೇ, ದಿನಾ ಹುಟ್ಟೋ ಕಡೆ.”

ಮಗನನ್ನು ಕೇಳಿದರು. “ನಾನು ನೋಡ್ಲಿಲ್ಲಪ್ಪ, ಪಲ್ಪರ್ ಮೆಷಿನ್ ರಿಪೇರಿಲಿದ್ದೆ. ಅವಳು ನೋಡಿರ್ತಾಳೆ, ಅವಳನ್ನ ಕೇಳಿ,” ಎಂದರು ನನ್ನ ಗಂಡ. ನಾನು ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ ಆವತ್ತೇ ಹೋಯಿತು. ಆ ಮನೆಯಲ್ಲಿ, ಆ ತೋಟದಲ್ಲಿ ಸೂರ್ಯನನ್ನು ನೋಡುವವಳು ನಾನೊಬ್ಬಳೇ.

ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಕೊಟ್ಟಾಗ ಮಾವ ಅದನ್ನು ಅಂಗೈಯಲ್ಲೇ ಹಿಡಿದುಕೊಂಡು, “ಉತ್ತರಾಯಣ ಅಂತಾರೆ. ಈಗಲಾದರೂ ತಿರುಗಿದನಾ?” ಎಂದರು.

“ಇಲ್ಲ ಮಾವ. ಬಂಡೆಯ ಬಲಕ್ಕೆ ಒಂದು ಬೆರಳು.”

“ಗೋಡೆ ಕ್ಯಾಲೆಂಡರಿನಲ್ಲಿ ಸೂರ್ಯೋದಯ ಓದು.”

ಓದಿದೆ. ಅದನ್ನು ಮಾತ್ರ ನಿಜವಾಗಿ ಓದಿದೆ, ಯಾಕೆಂದರೆ ಸೂರ್ಯ ಬಲಕ್ಕೆ ಸರಿದಷ್ಟೂ ತಡವಾಗಿ ಏಳುತ್ತಾನೆ, ಅದು ನನ್ನ ಸುಳ್ಳಿಗೆ ಹೊಂದಿಕೊಳ್ಳುತ್ತಿತ್ತು. ಸೂರ್ಯ ಉತ್ತರಕ್ಕೆ ತಿರುಗಿ ವಾರಗಳಾದ ಮೇಲೂ ಜನವರಿಯಲ್ಲಿ ಅವನು ಏಳುವುದು ಇನ್ನೂ ತಡವಾಗುತ್ತಲೇ ಹೋಗುತ್ತದೆ. ಕ್ಯಾಲೆಂಡರಿನ ಚೌಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಅದನ್ನು ನಾನು ಆ ವರ್ಷವೇ ಗಮನಿಸಿದ್ದು. ಮಾವನಿಗೂ ಅದು ಗೊತ್ತಿತ್ತು, ನೋಟ್‌ಬುಕ್ಕುಗಳಲ್ಲಿ ಅವರೇ ಬರೆದಿದ್ದರು. ಆದರೆ ಹೆದರಿದ ಮನುಷ್ಯನಿಗೆ ತಾನು ತಿಳಿದದ್ದೂ ನೆನಪಾಗುವುದಿಲ್ಲ. “ಇನ್ನೂ ತಡ ಆಗ್ತಿದೆ,” ಎಂದು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡರು. ಎಳ್ಳು ಬೆಲ್ಲ ಅಂಗೈಯಲ್ಲಿ ಅಂಟಿಕೊಂಡಿತ್ತು.

ಅಲ್ಲಿಂದ ಅವರ ಊಟ ಕಡಿಮೆಯಾಯಿತು. ಲಿಂಗಪೂಜೆಗೆ ಕೂತಾಗ ಮಂತ್ರದ ನಡುವೆ ತಡವರಿಸುತ್ತಿದ್ದರು. ಫೆಬ್ರವರಿಯ ಮೊದಲ ವಾರ ಬಂಡೆಯ ಬಲಕ್ಕೆ ಮೂರು ಬೆರಳು ಎಂದೆ. ನಿಜವಾಗಿ ಅವನು ಎಡಕ್ಕೆ ಮೂರು ಬೆರಳಿಗಿಂತ ಹೆಚ್ಚೇ ಸರಿದಿದ್ದ. ಮಾವ ತಮ್ಮ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡರು.

“ನನ್ನ ಬೆರಳೇ ಸರಿ ಇರಲಿಲ್ಲ,” ಎಂದರು ಆಮೇಲೆ. “ಕಣ್ಣು ಮೊದಲಿಂದಲೂ ಸರಿ ಇರಲಿಲ್ಲವೋ ಏನೋ. ಇಷ್ಟು ವರ್ಷ ನಾನು ಬರೆದದ್ದೆಲ್ಲ ತಪ್ಪು.”

ನಾನು ಪೆನ್ನಿನ ಮುಚ್ಚಳ ಹಾಕಿದೆ.

“ನೋಟ್‌ಬುಕ್ಕೆಲ್ಲ ಬಚ್ಚಲಿಗೆ ತಗೊಂಡು ಬಾ.”

ನಾನು ಇಷ್ಟು ನಿರೀಕ್ಷಿಸಿರಲಿಲ್ಲ. ಅವರು ಹೆದರಬೇಕು, ಕೊರಗಬೇಕು ಎಂದುಕೊಂಡಿದ್ದೆ. ಅದರಾಚೆಗೆ ಏನು ಎಂದು ಯೋಚಿಸಿರಲಿಲ್ಲ. ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಬೀರುವಿನಿಂದ ನೋಟ್‌ಬುಕ್ಕುಗಳನ್ನು ತೆಗೆದು, ಬುಟ್ಟಿಗೆ ತುಂಬಿ, ಎರಡು ಸಲ ಬಚ್ಚಲಿಗೆ ಹೊತ್ತು ಹಾಕುವಷ್ಟು ಹೊತ್ತು ಆ ವಾಕ್ಯ ನನ್ನ ಬಾಯಲ್ಲೇ ಇತ್ತು. ಹೇಳಲಿಲ್ಲ. ಹೇಳಿದರೆ ನಾನು ಎಂಥವಳು ಎಂದು ಅವರಿಗೆ ಗೊತ್ತಾಗುತ್ತದೆ, ಅದು ಒಂದು. ಇನ್ನೊಂದು, ನನಗೆ ಇನ್ನೂ ಸಾಕಾಗಿರಲಿಲ್ಲ.

ಮಾವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಹಂಡೆಯ ಒಲೆಯಲ್ಲಿ ಬೆಳಗಿನ ಸ್ನಾನದ ಬೆಂಕಿ ಇನ್ನೂ ಇತ್ತು. ಒಂದೊಂದೇ ನೋಟ್‌ಬುಕ್ಕನ್ನು ಅವರ ಕೈಗೆ ಕೊಟ್ಟೆ. ಅವರು ರಟ್ಟು ಸವರಿ, ದಪ್ಪ ನೋಡಿ, ಯಾವ ವರ್ಷದ್ದೆಂದು ಹೇಳಿ ನನಗೆ ವಾಪಸು ಕೊಡುತ್ತಿದ್ದರು. ನಾನು ಒಲೆಗೆ ಹಾಕುತ್ತಿದ್ದೆ.

“ಇದು ನಿಮ್ಮತ್ತೆ ಹೋದ ವರ್ಷದ್ದು,” ಎಂದರು ಒಂದನ್ನು ಹಿಡಿದು.

ಒಲೆಗೆ ಹಾಕುವ ಮೊದಲು ಅದನ್ನು ತೆರೆದು ಆ ದಿನದ ಪುಟ ಹುಡುಕಿದೆ. ಅತ್ತೆ ತೀರಿಕೊಂಡದ್ದು ಯುಗಾದಿಯ ಮಾರನೆಯ ದಿನ. ಆ ಪುಟದಲ್ಲಿ ಇದ್ದದ್ದು: “ಹೊತ್ತು, ಮರದ ಎಡಕ್ಕೆ ಒಂದು ಬೆರಳು. ಚಂದ್ರ, ಸಂಜೆ ದಾರದ ಹಾಗೆ. ಬಹಳ ಚೊಕ್ಕ.” ಅತ್ತೆಯ ಹೆಸರಿಲ್ಲ, ಸಾವಿನ ಮಾತಿಲ್ಲ. ಅಕ್ಷರ ಹಿಂದಿನ ದಿನದಷ್ಟೇ ನೆಟ್ಟಗಿತ್ತು.

ಹೆಣವನ್ನು ಮನೆಯೊಳಗೆ ಇಟ್ಟುಕೊಂಡು ಈ ಮನುಷ್ಯ ಹೋಗಿ ಬೆಂಚಿನ ಮೇಲೆ ಕೂತು ಬೆರಳು ಹಿಡಿದಿದ್ದರು. ಸಂಜೆ ಮತ್ತೆ ಹೋಗಿ ಚಂದ್ರನನ್ನು ನೋಡಿದ್ದರು. ನನ್ನ ಅಮ್ಮನನ್ನು ಕಡೆಗಣಿಸಿ ಬರೆದ ಸಾಲು ಎಂದು ನಾನು ವರ್ಷಗಟ್ಟಲೆ ಸಾಕಿಕೊಂಡಿದ್ದ ಸಿಟ್ಟಿಗೆ ಇದ್ದ ಆಧಾರ ಇದೇ ‘ಬಹಳ ಚೊಕ್ಕ’ ಎನ್ನುವ ಮಾತಾಗಿತ್ತು. ಅವರು ಎಲ್ಲರ ಸಾವಿನ ದಿನವೂ ಅದನ್ನೇ ಬರೆಯುವವರು. ಅದು ಕಲ್ಲುಮನಸ್ಸೋ, ಅವರಿಗೆ ತಿಳಿದಿದ್ದ ಒಂದೇ ಒಂದು ಶೋಕದ ರೀತಿಯೋ, ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅದನ್ನೂ ಒಲೆಗೆ ಹಾಕಿದೆ. ರಟ್ಟು ಬೇಗ ಹತ್ತಿಕೊಳ್ಳಲಿಲ್ಲ, ಕೊಳವೆಯಿಂದ ಊದಬೇಕಾಯಿತು.

ಕೊನೆಗೆ ಉಳಿದದ್ದು ನಾನು ಬರೆಯುತ್ತಿದ್ದ ನೋಟ್‌ಬುಕ್. ಅದನ್ನು ಕೊಟ್ಟಾಗ ಅವರು ಸವರಿ ನೋಡಿ, “ಇದು ನಿಂದು,” ಎಂದರು. “ಇದನ್ನ ಇಟ್ಕೋ. ಇದೊಂದೇ ಸರಿ ಇರೋದು.”

ಮಾರನೆಯ ದಿನದಿಂದ ಮಾವ ಕಣಕ್ಕೆ ಬರಲಿಲ್ಲ. ಬೆಳಗ್ಗೆ ಎದ್ದು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಯಾರಾದರೂ ಕಿಟಕಿ ತೆರೆದು ಬಿಸಿಲು ಮೈಮೇಲೆ ಬಿದ್ದರೆ ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಮಾರ್ಚಿನಲ್ಲಿ ತೋಟವೆಲ್ಲ ಕಾಫಿ ಹೂವಾಯಿತು. ವಾಸನೆ ಮನೆಯೊಳಗೆ ತುಂಬಿದಾಗಲೂ ಹೊರಗೆ ಬರಲಿಲ್ಲ. ಗಂಡ ಮೂಡಿಗೆರೆಯಿಂದ ಡಾಕ್ಟರನ್ನು ಕರೆಸಿದರು. ವಯಸ್ಸು ಎಂದರು ಡಾಕ್ಟರು.

ನನಗೆ ಗೆದ್ದ ಹಾಗೆ ಅನಿಸಿದ್ದು ಒಂದು ವಾರ ಇರಬಹುದು. ಆಮೇಲೆ ಅವರು ತಿನ್ನದೆ ಬಿಟ್ಟ ತಟ್ಟೆಯನ್ನು ದಿನಾ ಹಿತ್ತಲಿಗೆ ಒಯ್ದು ನಾಯಿಗೆ ಸುರಿಯುವುದು ನನ್ನ ಪಾಲಿಗೆ ಬಂತು. ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಹೇಳಿಬಿಟ್ಟೆ.

“ಮಾವ, ನಾನು ಹೇಳಿದ್ದು ಸುಳ್ಳು. ಸೂರ್ಯ ಬಂಡೆ ದಾಟಲಿಲ್ಲ. ಡಿಸೆಂಬರಿನಲ್ಲೇ ತಿರುಗಿದ. ಎಲ್ಲ ನೀವು ಬರೆದ ಹಾಗೇ ಇತ್ತು. ಸಿಟ್ಟಿಗೆ ಹಾಗೆ ಹೇಳಿದೆ.”

ಅವರು ಗಂಜಿ ನುಂಗಿದರು. ಬಾಯಿ ಒರೆಸಿದೆ.

“ನೀನು ಯಾಕೆ ಹೀಗೆ ಹೇಳ್ತಿದೀಯ ಅಂತ ನನಗೆ ಗೊತ್ತು,” ಎಂದರು. “ಸಾಯೋನಿಗೆ ಸಮಾಧಾನ ಆಗ್ಲಿ ಅಂತ. ಸುಳ್ಳು ಹೇಳಬೇಡ ಮಾರಾಯ್ತಿ.”

“ಸುಳ್ಳಲ್ಲ. ನಿಜವಾದ್ದು ಬೇರೆ ಬರೆದಿಟ್ಟಿದೀನಿ. ಕ್ಯಾಲೆಂಡರ್ ಹಾಳೆಗಳಲ್ಲಿದೆ, ಬೇಕಾದ್ರೆ ನಿಮ್ಮ ಮಗನ ಹತ್ರ ಓದಿಸ್ತೀನಿ.”

“ಅದನ್ನ ಈಗ ಕೂತು ಬರೆದಿರ್ತೀಯ.” ಅವರು ಕಣ್ಣು ಮುಚ್ಚಿಕೊಂಡರು, ಮುಚ್ಚುವುದಕ್ಕೂ ತೆರೆಯುವುದಕ್ಕೂ ವ್ಯತ್ಯಾಸವಿಲ್ಲದ ಕಣ್ಣು. “ನೋಡು. ಈ ಮನೇಲಿ ಎಲ್ರೂ ನನಗೆ ಹಿತವಾಗಿದ್ದನ್ನೇ ಹೇಳೋರು. ಮಗನೂ ಅಷ್ಟೇ, ಮೇಸ್ತ್ರಿನೂ ಅಷ್ಟೇ. ನೀನೊಬ್ಳೇ ನನಗೆ ಬೇಡವಾದ್ದನ್ನ ದಿನಾ ಹೇಳಿದೆ. ನಿನಗೆ ನನ್ನ ಕಂಡ್ರೆ ಆಗಲ್ಲ, ಅದು ಗೊತ್ತಿತ್ತು. ಅದಕ್ಕೇ ನಿನ್ನ ನಂಬಿದ್ದು.”

ನಾನು ಮತ್ತೆ ಹೇಳಿದೆ. ಅವರ ಕೈ ಹಿಡಿದು, ಏಳಿ, ಕಣಕ್ಕೆ ಹೋಗೋಣ, ದೊಣ್ಣೆ ಸರಿಯಾಗಿ ಇಟ್ಟು ತೋರಿಸುತ್ತೇನೆ ಎಂದೆ. ಅವರು ಕೈ ಬಿಡಿಸಿಕೊಂಡು ಗೋಡೆಯ ಕಡೆ ಮಗ್ಗುಲಾದರು. ಗಂಜಿ ಅರ್ಧ ಉಳಿದಿತ್ತು.

ಮುಂಗಾರಿಗೆ ಮೊದಲು ಅವರು ಹೋದರು. ಅಮ್ಮನ ವಿಷಯ ಕೊನೆಯವರೆಗೂ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರನ್ನು ತೋಟದ ಮೇಲಿನ ಪಟ್ಟೆಯಲ್ಲಿ ಸಮಾಧಿ ಮಾಡಿದೆವು. ಗಂಡ ಕಣದ ಬೆಂಚನ್ನು ಕೀಳಿಸಿ ಅಲ್ಲಿ ಶೆಡ್ಡು ಹಾಕಿಸಬೇಕೆಂದಿದ್ದರು, ನಾನು ಬಿಡಲಿಲ್ಲ. ಬೆಳಗ್ಗೆ ಒಲೆ ಹಚ್ಚಿ, ಕಾಫಿ ಲೋಟ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ. ನೋಡುತ್ತೇನೆ, ಬರೆಯುತ್ತೇನೆ. ಬಿಡಬೇಕೆಂದು ಎರಡು ಮೂರು ಸಲ ಪ್ರಯತ್ನ ಮಾಡಿದೆ. ಬಿಟ್ಟ ದಿನ ಕೈ ಖಾಲಿ ಖಾಲಿ ಅನಿಸುತ್ತದೆ.

ಗಂಡನಿಗೆ ಇದನ್ನೆಲ್ಲ ಹೇಳಿದ್ದು ಕಳೆದ ವರ್ಷ. ಬೆಳಗಿನ ತಿಂಡಿ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಒಂದನ್ನೂ ಬಿಡದೆ ಹೇಳಿದೆ. ದೊಣ್ಣೆ ವಾರೆ ಇಟ್ಟದ್ದು, ಕ್ಯಾಲೆಂಡರ್ ಓದಿದ್ದು, ಬಚ್ಚಲ ಒಲೆ.

“ನನಗೆ ಯಾಕೆ ಹೇಳಿದೆ?” ಎಂದರು ಕೊನೆಗೆ.

“ಯಾರಿಗಾದರೂ ಹೇಳಬೇಕಿತ್ತು.”

“ನಾನು ಈಗ ಇದನ್ನಿಟ್ಕೊಂಡು ಏನು ಮಾಡ್ಲಿ?”

‘ಅಪ್ಪ ನನ್ನನ್ನು ಕೇಳಿದಾಗ ನಾನೇ ಹೋಗಿ ನೋಡಬಹುದಿತ್ತು’ ಎಂದೋ, ‘ಆವತ್ತು ನಿನ್ನನ್ನು ಅತ್ತಿಗುಂಡಿಗೆ ನಾನೇ ಕರೆದುಕೊಂಡು ಹೋಗಬಹುದಿತ್ತು’ ಎಂದೋ ಅವರು ಹೇಳಬಹುದೆಂದು ಒಂದು ಆಸೆ ಇತ್ತು. ಅವರು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ರೊಬಸ್ಟಾ ಪಟ್ಟೆಯ ಕಡೆ ಇಳಿದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಮೇಸ್ತ್ರಿಗೆ ಸ್ಪ್ರಿಂಕ್ಲರ್ ಪೈಪು ಯಾಕೆ ಇನ್ನೂ ಎಳೆದಿಲ್ಲ ಎಂದು ಬೈಯುತ್ತಿದ್ದುದು ಕೇಳಿಸಿತು. ನಾನು ತಿಂಡಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.